ಸಹಿ ಹಾಕುವ ಮುನ್ನ

(ಮಹಿಳಾ ದಿನಾಚರಣೆಯ ಅಂಗವಾಗಿ ಮೈಸೂರಿನಲ್ಲಿ ನಡೆದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ಸಂವಿಧಾನ ಮತ್ತು ಮಹಿಳೆ’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ನಾನು ಒಪ್ಪಿಕೊಂಡೆನಾದರೂ ಆಮೇಲೆ ಅಳುಕಾಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವಳು ನಾನು. 14ನೇ ವಿಧಿ, 15ನೇ ವಿಧಿ, 21ನೇ ವಿಧಿ ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದು ಅಳಿಸಿದ್ದೇನೋ ಲೆಕ್ಕವಿಲ್ಲ. ಅದನ್ನೇ ಇಲ್ಲಿಯೂ ಒಪ್ಪಿಸಿದರೆ ನಿಮಗೆ ನಿದ್ದೆ ಬರುತ್ತದೆ, ನನಗೂ ಅದರಿಂದ ಸಮಾಧಾನವಾಗುವುದಿಲ್ಲ. ಆದ್ದರಿಂದ ಒಂದು ಸಹಿಯ ವಿಚಾರದಿಂದ ಆರಂಭಿಸುತ್ತೇನೆ. ಆ ಸಹಿ ನನ್ನದೇ.

1991ರಲ್ಲಿ ನಮ್ಮ ತಂದೆ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದು ತಿಂಗಳಾಗುವಷ್ಟರಲ್ಲಿ ಅಣ್ಣನಿಂದ ಕಾಗದ ಬಂತು. ‘ಒಂದು ದಿನ ರಜೆ ಹಾಕಿ ಬಾ, ಕಚೇರಿ ಕೆಲಸವಿದೆ’ ಎಂದಿತ್ತು. ಹೋದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಪತ್ರ ಬರಹಗಾರರು ಕಾಗದವನ್ನು ಸಿದ್ಧ ಮಾಡಿಟ್ಟಿದ್ದರು. ಅದರ ಹೆಸರು ಹಕ್ಕು ಖುಲಾಸೆ ಪತ್ರ. ನನ್ನ ಮದುವೆಯ ಕಾಲದಲ್ಲಿ ಕೊಡಬೇಕಾದ್ದನ್ನೆಲ್ಲ ಕೊಟ್ಟಿರುವುದಾಗಿಯೂ, ಈಗ ಅರಿಶಿನ ಕುಂಕುಮದ ಬಾಬ್ತು ಒಂದಿಷ್ಟು ರೂಪಾಯಿ ಪಡೆದಿರುವುದಾಗಿಯೂ, ಇನ್ನು ಮುಂದೆ ಆ ಮನೆ, ಹೊಲ, ಗದ್ದೆಗಳ ಮೇಲೆ ನನಗಾಗಲಿ ನನ್ನ ಮಕ್ಕಳಿಗಾಗಲಿ ಯಾವ ಹಕ್ಕೂ ಇಲ್ಲವೆಂದೂ ಅದರಲ್ಲಿ ಬರೆದಿತ್ತು. ಈ ಒಕ್ಕಣೆ ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಅದರ ನಕಲನ್ನು ತೆಗೆಸಿ ಓದಿದಾಗ. ಅವತ್ತು ನಾನು ಓದಲಿಲ್ಲ. ‘ಎಲ್ಲಿ?’ ಎಂದು ಕೇಳಿದೆ, ತೋರಿಸಿದ ಕಡೆಯೆಲ್ಲ ಸಹಿ ಮಾಡಿದೆ. ನನ್ನ ಪಕ್ಕದಲ್ಲಿ ಅಮ್ಮ ಕೂತಿದ್ದರು. ಮೂರನೇ ಕ್ಲಾಸು ಓದಿದ್ದ ಅವರು ಒಂದೊಂದೇ ಅಕ್ಷರ ಕೂಡಿಸಿಕೊಂಡು ತಮ್ಮ ಹೆಸರು ಬರೆದರು.

ಅದೇ ವಾರ ಬಿ.ಎ. ತರಗತಿಗೆ ಸಮಾನತೆಯ ಹಕ್ಕಿನ ಪಾಠ ಮುಗಿಸಿ ಬಂದಿದ್ದೆ ಎಂಬುದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ನನ್ನನ್ನು ಯಾರೂ ಹೆದರಿಸಿರಲಿಲ್ಲ. ಅಣ್ಣ ಕೆಟ್ಟವನೂ ಅಲ್ಲ. ಕೇಳದೇ ಸಹಿ ಹಾಕುವುದು ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳ ಲಕ್ಷಣ ಎಂದು ನಾನೇ ನಂಬಿದ್ದೆ. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಬಾಗಿನ ನಿಂತುಹೋಗಬಾರದಲ್ಲ! ಬಾಗಿನ ನಿಲ್ಲಲಿಲ್ಲ. ಆದರೆ ಅಮ್ಮ ಆಮೇಲೆ ಹನ್ನೊಂದು ವರ್ಷ ಬದುಕಿದರು. ತಾವೇ ಸೊಸೆಯಾಗಿ ಬಂದು ಐವತ್ತು ವರ್ಷ ಬಾಳಿದ ಮನೆಯಲ್ಲಿ ಮಾತ್ರೆಗೆ, ಬಸ್ ಚಾರ್ಜಿಗೆ, ಮೊಮ್ಮಗಳ ಕೈಗೆ ಹತ್ತು ರೂಪಾಯಿ ಇಡುವುದಕ್ಕೆ ಇನ್ನೊಬ್ಬರನ್ನು ಕೇಳುತ್ತಿದ್ದರು. ಅವರ ಪಾಲು ಅವರ ಹೆಸರಿನಲ್ಲಿ ಉಳಿದಿದ್ದರೆ ಅವರನ್ನೇ ಕೇಳುವವರಿರುತ್ತಿದ್ದರು.

ನಮ್ಮ ಬದುಕಿನಲ್ಲಿ ನಮ್ಮ ಸಹಿ ಯಾವಾಗ ಬೇಕಾಗುತ್ತದೆ ಎಂದು ಯೋಚಿಸಿ ನೋಡಿ. ವರನನ್ನು ಗೊತ್ತು ಮಾಡುವಾಗ ಕೇಳುವುದಿಲ್ಲ. ಮಾತುಕತೆಯಲ್ಲಿ ಎಷ್ಟು ಕೊಡಬೇಕು, ಎಷ್ಟು ಬಂಗಾರ ಹಾಕಬೇಕು ಎಂದು ಚೀಟಿ ಬರೆಯುವಾಗ ಕೇಳುವುದಿಲ್ಲ. ಗಂಡನ ಮನೆಯಲ್ಲಿ ಸೈಟು ಕೊಳ್ಳುವಾಗ, ಮಾರುವಾಗ ಬಹುಮಟ್ಟಿಗೆ ಕೇಳುವುದಿಲ್ಲ. ಬಿಟ್ಟುಕೊಡಬೇಕಾದಾಗ ಮಾತ್ರ ನಮ್ಮ ಸಹಿಗೆ ಎಲ್ಲಿಲ್ಲದ ಬೆಲೆ ಬರುತ್ತದೆ. ಯಾಕೆಂದರೆ ಬಿಟ್ಟುಕೊಡುವುದಕ್ಕಾದರೂ ಮೊದಲು ಒಬ್ಬ ವ್ಯಕ್ತಿ ಇರಬೇಕು, ಅವಳಿಗೆ ಹಕ್ಕು ಇರಬೇಕು. ನಮಗೆ ಹಕ್ಕಿದೆಯೆಂಬುದು ನಮ್ಮಿಂದ ಸಹಿ ಹಾಕಿಸಿಕೊಳ್ಳುವವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಈಗ ಸಂವಿಧಾನಕ್ಕೆ ಬರುತ್ತೇನೆ. 14ನೇ ವಿಧಿ ಹೇಳುವುದು ಯಾವುದೇ ‘ವ್ಯಕ್ತಿ’ಗೆ ಕಾನೂನಿನ ಮುಂದೆ ಸಮಾನತೆಯನ್ನು ರಾಜ್ಯವು ನಿರಾಕರಿಸತಕ್ಕದ್ದಲ್ಲ ಎಂದು. 21ನೇ ವಿಧಿ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯನ್ನು ಕೊಡುವುದೂ ‘ವ್ಯಕ್ತಿ’ಗೇ. ಇಂಥವರ ಮಗಳಿಗೆ, ಇಂಥವರ ಹೆಂಡತಿಗೆ, ಇಂಥವರ ತಾಯಿಗೆ ಎಂದು ಅಲ್ಲಿಲ್ಲ. 15ನೇ ವಿಧಿ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡಬಾರದೆನ್ನುತ್ತದೆ. ಮಹಿಳೆಯರಿಗಾಗಿ ವಿಶೇಷ ಕಾನೂನು ಮಾಡಲು ಅದರ ಮೂರನೇ ಖಂಡ ಅವಕಾಶ ಕೊಡುತ್ತದೆ. 1950ರ ಜನವರಿ 26ರಂದು ಈ ಮಾತುಗಳು ಜಾರಿಗೆ ಬಂದವು. ನಮ್ಮನ್ನು ‘ವ್ಯಕ್ತಿ’ ಎಂದು ಈ ದೇಶದ ಮೂಲ ಕಾನೂನು ಅವತ್ತೇ ಕರೆಯಿತು. ಆದರೆ ಸಮಾಜ ಹಾಗೆ ಕರೆಯಿತೇ?

ಮೊದಲ ಮಹಾಚುನಾವಣೆ ನಡೆದದ್ದು 1951-52ರಲ್ಲಿ. ಮತದಾರರ ಪಟ್ಟಿ ತಯಾರಿಸಲು ಮನೆಮನೆಗೆ ಹೋದವರಿಗೆ ಉತ್ತರದ ಹಲವು ರಾಜ್ಯಗಳಲ್ಲಿ ಒಂದು ವಿಚಿತ್ರ ತೊಂದರೆ ಎದುರಾಯಿತು. ಹೆಸರು ಕೇಳಿದರೆ ಹೆಂಗಸರು ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಹೇಳುತ್ತಿದ್ದರು. ಸ್ವಂತ ಹೆಸರನ್ನು ಹೊರಗಿನ ಗಂಡಸಿಗೆ ಹೇಳುವುದು ಪದ್ಧತಿಯಲ್ಲ. ಅಂದಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು, ಮತದಾರಳಿಗೆ ಸ್ವಂತ ಹೆಸರಿರಲೇಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಸೇರಿಸುವಂತಿಲ್ಲ ಎಂದರು. ಕೊನೆಗೂ ಹೆಸರು ಹೇಳದೆ ಉಳಿದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ಅವರಿಗೆ ಮತದಾನದ ಹಕ್ಕನ್ನು ಸಂವಿಧಾನ ಕೊಟ್ಟಿತ್ತು, ಹಾಗಿದ್ದೂ ಅದು ಅವರ ಕೈಗೆ ಬರಲಿಲ್ಲ. ನಮ್ಮ ಕಡೆ ಸ್ವಂತ ಹೆಸರು ಹೇಳಲು ಅಷ್ಟು ಸಂಕೋಚವಿರಲಿಲ್ಲ ನಿಜ. ಗಂಡನ ಹೆಸರನ್ನು ಒಗಟಿನಲ್ಲಿ ಹೇಳುತ್ತಿದ್ದ ಅಜ್ಜಿಯರನ್ನು ಮಾತ್ರ ನಾವೆಲ್ಲ ನೋಡಿದ್ದೇವೆ.

ಅನಕ್ಷರಸ್ಥರ ಪಾಡು ಹೀಗೆ, ವಿದ್ಯಾವಂತರ ಪಾಡು ಬೇರೆ ಎಂದುಕೊಳ್ಳಬೇಡಿ. ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರ ವಿಚಾರ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಸೇರುವಾಗಲೇ ‘ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ’ ಎಂದು ಅವರಿಂದ ಬರೆಸಿಕೊಂಡಿದ್ದರು. ನೋಡಿ, ಅಲ್ಲಿಯೂ ಒಂದು ಸಹಿ! 1961ರ ಸೇವಾ ನಿಯಮಗಳಲ್ಲಿ, ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದಿಂದ ಲಿಖಿತ ಅನುಮತಿ ಪಡೆಯಬೇಕು ಎಂದಿತ್ತು. ಸಂಸಾರದ ಹೊಣೆಯಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದಿತ್ತು. ವಿವಾಹಿತೆಗೆ ನೇಮಕ ಹಕ್ಕಲ್ಲ ಎಂದೂ ಇನ್ನೊಂದು ನಿಯಮವಿತ್ತು. ಗಂಡಸರಿಗೆ ಇದ್ಯಾವುದೂ ಇರಲಿಲ್ಲ.

ಬಡ್ತಿಯಲ್ಲಿ ತಮ್ಮನ್ನು ಕೈಬಿಟ್ಟಾಗ ಮುತ್ತಮ್ಮನವರು ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿತು, ಒಂದು ನಿಯಮ ಆಗಲೇ ಹೋಗಿದೆ, ಇನ್ನೊಂದನ್ನು ತೆಗೆಯುತ್ತೇವೆ ಎಂದಿತು. ಹೀಗಾಗಿ ಅರ್ಜಿ ವಜಾ ಆಯಿತು. ಆದರೆ 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಆ ನಿಯಮಗಳು 14ನೇ ವಿಧಿಗೆ ಎಷ್ಟು ವಿರುದ್ಧವಾಗಿದ್ದವೆಂಬುದನ್ನು ಬಿಚ್ಚಿಟ್ಟಿತು. ಸೇವಾ ನಿಯಮಗಳಲ್ಲಿ ಉಳಿದಿರುವ ಇಂಥ ತಾರತಮ್ಯವನ್ನೆಲ್ಲ ತೆಗೆಯಬೇಕೆಂದು ಸರ್ಕಾರಕ್ಕೆ ಹೇಳಿತು. ಸಂವಿಧಾನ ಬಂದು ಸುಮಾರು ಮೂವತ್ತು ವರ್ಷವಾಗಿತ್ತು. ದೇಶವನ್ನು ಪರರಾಷ್ಟ್ರಗಳಲ್ಲಿ ರಾಯಭಾರಿಯಾಗಿ ಪ್ರತಿನಿಧಿಸಿದ ಹೆಣ್ಣು ಕೂಡ ಅಲ್ಲಿಯವರೆಗೆ ಸರ್ಕಾರದ ಕಣ್ಣಿಗೆ ಯಾರದೋ ಹೆಂಡತಿಯಾಗಬಹುದಾದವಳು ಮಾತ್ರವಾಗಿದ್ದಳು. ಇನ್ನು ದಂಡ ಸಂಹಿತೆಯ 497ನೇ ಕಲಮು ಹೆಂಡತಿಯನ್ನು ಗಂಡನ ಸ್ವತ್ತಿನಂತೆಯೇ ಕಂಡಿತ್ತು. ಗಂಡನ ಒಪ್ಪಿಗೆಯಿದ್ದರೆ ವ್ಯಭಿಚಾರ ಅಪರಾಧವೇ ಅಲ್ಲ ಎಂದಿದ್ದ ಆ ಕಲಮನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು 2018ರಲ್ಲಿ.

ಈಗ ಮನೆಯೊಳಗೆ ಬರೋಣ. ಆಸ್ತಿಯ ವಿಚಾರದಲ್ಲಿ ನಮ್ಮ ಮೈಸೂರಿಗೆ ಹೆಮ್ಮೆಪಡಬಹುದಾದ ಇತಿಹಾಸವೊಂದಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರಾಗಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, 1933ರಲ್ಲಿ, ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮೈಸೂರು ಸಂಸ್ಥಾನ ಮಾಡಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಸೀಮಿತ ಹಕ್ಕು ಕೊಟ್ಟ ಕಾಯಿದೆ ಬಂದದ್ದು 1937ರಲ್ಲಿ, ಅಂದರೆ ನಮಗಿಂತ ನಾಲ್ಕು ವರ್ಷ ತಡವಾಗಿ. ನಮ್ಮ ಕಾಯಿದೆಯ ಪ್ರಕಾರ ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೇಳುವ ಹಕ್ಕಿತ್ತು. ಸ್ತ್ರೀಧನವೆಂದರೆ ಯಾವುದು ಎಂದೂ ಅದರಲ್ಲಿ ವಿವರಿಸಿತ್ತು.

ಹೆಮ್ಮೆಪಟ್ಟಾದ ಮೇಲೆ ಲೆಕ್ಕವನ್ನೂ ನೋಡಬೇಕು. ತಾಯಿಗೆ ಮಗನ ಪಾಲಿನ ಅರ್ಧ. ವಿಧವೆಗೆ, ಗಂಡ ಬದುಕಿದ್ದರೆ ಅವನಿಗೆ ಬರುತ್ತಿದ್ದುದರ ಅರ್ಧ. ಮದುವೆಯಾಗದ ಮಗಳಿಗೆ ಅಣ್ಣತಮ್ಮಂದಿರ ಪಾಲಿನ ಕಾಲು ಭಾಗ. ಮದುವೆಯಾದ ಮಗಳಿಗೆ ಆ ವಿಭಾಗದಲ್ಲಿ ಏನೂ ಇಲ್ಲ. ತಿರುವಾಂಕೂರಿನ ಕ್ರೈಸ್ತರಿಗೆ 1916ರಲ್ಲಿ ಮಾಡಿದ ಕಾಯಿದೆಯಲ್ಲಿಯೂ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು ಎಂದಿತ್ತು. ಆ ಕಾಯಿದೆ ಇನ್ನು ನಡೆಯುವುದಿಲ್ಲವೆಂದು ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 1986ರಲ್ಲಿ. ಧರ್ಮ ಬೇರೆ, ಸಂಸ್ಥಾನ ಬೇರೆ, ಆದರೂ ಹೆಣ್ಣು ಎಂದರೆ ಕಾಲು ಎಂಬ ಲೆಕ್ಕ ಮಾತ್ರ ಒಂದೇ! ಮುಸ್ಲಿಂ ಸೋದರಿಯರಿಗೆ ಅವರ ಧರ್ಮಶಾಸ್ತ್ರ ನಿಗದಿತ ಪಾಲನ್ನೇ ಕೊಟ್ಟಿದೆ. ಆದರೆ ಆ ಪಾಲನ್ನೂ ‘ತವರು ಉಳಿಯಲಿ’ ಎಂದು ಬಿಟ್ಟುಕೊಟ್ಟವರು ನನ್ನ ಸಹೋದ್ಯೋಗಿಗಳಲ್ಲಿಯೇ ಇದ್ದರು.

ಸ್ವಾತಂತ್ರ್ಯಾನಂತರ ಡಾ. ಅಂಬೇಡ್ಕರ್ ಅವರು ಹಿಂದೂ ಕೋಡ್ ಬಿಲ್ಲಿನ ಮೂಲಕ ಮಗಳಿಗೆ ಮಗನಷ್ಟೇ ಹಕ್ಕು ಕೊಡಬೇಕೆಂದು ಹೋರಾಡಿದರು. ಬಿಲ್ಲು ಮುಂದೆ ಸಾಗದೆ ಹೋದದ್ದು 1951ರಲ್ಲಿ ಅವರು ಮಂತ್ರಿ ಪದವಿಗೆ ರಾಜೀನಾಮೆ ಕೊಡಲು ಒಂದು ಮುಖ್ಯ ಕಾರಣ. ಆಮೇಲೆ ಬಂದ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಸಮಪಾಲು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಮಾತ್ರ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಿ. ಹನ್ನೆರಡು ಎಕರೆ ಪಿತ್ರಾರ್ಜಿತ ಜಮೀನು, ತಂದೆ, ಒಬ್ಬ ಮಗ, ಒಬ್ಬಳು ಮಗಳು. ತಾಯಿ ಮೊದಲೇ ಇಲ್ಲ. ತಂದೆ ತೀರಿಕೊಂಡಾಗ ಮೊದಲು ಆರು ಎಕರೆ ಮಗನದೆಂದು ಬೇರೆ ತೆಗೆಯಬೇಕು. ಉಳಿದ ಆರು ತಂದೆಯ ಪಾಲು, ಅದರಲ್ಲಿ ಮಗನಿಗೆ ಮೂರು, ಮಗಳಿಗೆ ಮೂರು. ಒಟ್ಟು ಮಗನಿಗೆ ಒಂಬತ್ತು, ಮಗಳಿಗೆ ಮೂರು. ಅದರ ಮೇಲೆ 23ನೇ ಕಲಮು ಬೇರೆ ಇತ್ತು. ವಾಸದ ಮನೆಯನ್ನು ಗಂಡು ವಾರಸುದಾರರು ತಾವಾಗಿ ಭಾಗ ಮಾಡಿಕೊಳ್ಳುವವರೆಗೆ ಮಗಳು ಭಾಗ ಕೇಳುವಂತಿರಲಿಲ್ಲ.

1980ರ ದಶಕದಲ್ಲಿ ನಮ್ಮ ಚಳವಳಿ ಬೀದಿಗಿಳಿದದ್ದು ವರದಕ್ಷಿಣೆ ಸಾವುಗಳ ವಿರುದ್ಧ. 1983ರಲ್ಲಿ 498-ಎ ಕಲಮು ಬಂತು, 1986ರಲ್ಲಿ 304-ಬಿ ಬಂತು. ಇದು ಹೋರಾಟದ ಫಲ. ಆದರೆ ವರದಕ್ಷಿಣೆ ಕೊಡಬೇಡಿ, ತೆಗೆದುಕೊಳ್ಳಬೇಡಿ ಎಂದು ಪ್ರತಿಜ್ಞೆ ಮಾಡಿಸುವಾಗ, ಹಾಗಾದರೆ ಹೆಣ್ಣಿಗೆ ತವರಿನಿಂದ ಬರಬೇಕಾದದ್ದೇನು ಎಂಬ ಪ್ರಶ್ನೆಯನ್ನು ನಾವು ಅಷ್ಟು ಗಟ್ಟಿಯಾಗಿ ಕೇಳಲಿಲ್ಲ. ದೆಹಲಿಯ ‘ಮಾನುಷಿ’ ಪತ್ರಿಕೆಯಲ್ಲಿ ಮಧು ಕಿಶ್ವರ್ ಅವರು 1988ರಲ್ಲಿ ಈ ಪ್ರಶ್ನೆ ಎತ್ತಿದಾಗ ನಮ್ಮಲ್ಲಿ ಅನೇಕರಿಗೆ ಸಿಟ್ಟು ಬಂದಿತ್ತು. ಆಸ್ತಿಯ ಹಕ್ಕಿಲ್ಲದಿರುವುದೇ ಮೂಲ, ಅದನ್ನು ಬಿಟ್ಟು ವರದಕ್ಷಿಣೆಯನ್ನು ಮಾತ್ರ ಬಹಿಷ್ಕರಿಸಿದರೆ ಪ್ರಯೋಜನವಿಲ್ಲ ಎಂಬುದು ಅವರ ವಾದದ ತಿರುಳು. ಅವರ ಎಲ್ಲ ಮಾತನ್ನೂ ನಾನು ಇವತ್ತಿಗೂ ಒಪ್ಪುವುದಿಲ್ಲ. ಈ ಒಂದು ಮಾತು ನಿಜವೆಂದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ.

1993ರ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಹಿಂದಿನ ವರ್ಷ ಮದುವೆಯಾಗಿತ್ತು. ಕೈಯಲ್ಲಿ ಒಂದು ಬಟ್ಟೆಯ ಚೀಲ. ‘ಮೇಡಂ, ಒಂದು ವಾರ ಅಪ್ಪನ ಮನೇಲಿದ್ದೆ. ನಾಳೆ ವಾಪಸ್ ಬಿಟ್ಟು ಬರ್ತಾರಂತೆ. ನಂಗೆ ಹೋಗೋಕ್ಕೆ ಇಷ್ಟ ಇಲ್ಲ’ ಎಂದಳು. ಸ್ಕೂಟರಿಗೆ ಬಾಕಿ ಉಳಿದ ಹಣದ ವಿಚಾರ. ತೋಳಿನ ಮೇಲಿನ ಗಾಯವನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದಳು. ಅಪ್ಪನ ಮನೆಯಲ್ಲಿ ಅವಳ ತಮ್ಮನಿಗೊಂದು ಕೋಣೆಯಿತ್ತು. ಅವನು ಕೆಲಸ ಬಿಟ್ಟು ಬಂದರೂ, ಪರೀಕ್ಷೆಯಲ್ಲಿ ನಪಾಸಾದರೂ, ಜಗಳವಾಡಿದರೂ ಆ ಕೋಣೆ ಅವನದೇ. ಇವಳು ನೆಂಟಳು. ನೆಂಟರು ಎಷ್ಟು ದಿನ ಇರಬಹುದು? ನಾನೇನು ಮಾಡಿದೆ ಗೊತ್ತೇ? ಕಾಫಿ ಕೊಟ್ಟೆ, ಸಮಾಧಾನ ಹೇಳಿದೆ, ‘ಇನ್ನೊಂದಷ್ಟು ದಿನ ನೋಡಮ್ಮ’ ಎಂದೆ. ಅವಳ ತಂದೆಯ ಜೊತೆ ಮಾತಾಡುತ್ತೇನೆ ಎಂದೆ. ಮಾತಾಡಿದೆ ಕೂಡ. ಅವರು ಕೈಮುಗಿದು, ‘ಇನ್ನೊಬ್ಬಳಿದ್ದಾಳಲ್ಲ ಮೇಡಂ, ಅವಳ ಮದುವೆ ಆಗಬೇಕು’ ಎಂದರು.

ಎರಡು ತಿಂಗಳ ನಂತರ ಸ್ಟೌವ್ ಸಿಡಿದು ಅವಳು ಸತ್ತಳೆಂದು ಸುದ್ದಿ ಬಂತು. ಆ ಕಾಲದಲ್ಲಿ ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಸ್ಟೌವುಗಳು ಹೊಸದಾಗಿ ಮದುವೆಯಾದವರ ಮೇಲೆಯೇ ಸಿಡಿಯುತ್ತಿದ್ದವು. ಅತ್ತೆಯರ ಮೇಲೆ ಸಿಡಿದದ್ದನ್ನು ನಾನು ಕೇಳಲಿಲ್ಲ. ಮದುವೆಯಾಗಿ ಏಳು ವರ್ಷದೊಳಗಿನ ಅಸಹಜ ಸಾವು ಅದು, ಕಾನೂನು ಇತ್ತು. ಆದರೆ ತಮಗೆ ಯಾರ ಮೇಲೂ ಅನುಮಾನವಿಲ್ಲವೆಂದು ತಂದೆ ಹೇಳಿಕೆ ಕೊಟ್ಟು ಅದರ ಕೆಳಗೆ ಸಹಿ ಮಾಡಿದರು. ನಾನು ಆ ತಂದೆಯನ್ನು ಬಹಳ ದಿನ ಬೈದುಕೊಂಡೆ. ಆಮೇಲೆ ಅನ್ನಿಸಿತು, ಎರಡು ವರ್ಷದ ಹಿಂದೆ ನಾನು ಸಹಿ ಮಾಡಿದ ಕಾಗದಕ್ಕೂ ಅವರು ಸಹಿ ಮಾಡಿದ ಕಾಗದಕ್ಕೂ ಇದ್ದ ನಂಬಿಕೆ ಒಂದೇ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ಗಾದೆ ಮಾಡಿದ್ದಾರಲ್ಲ, ಅದನ್ನು ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಮರುವರ್ಷ ನಮ್ಮ ರಾಜ್ಯದ ಕಾನೂನು ಬದಲಾಯಿತು. 1975ರಲ್ಲಿ ಕೇರಳ ಅವಿಭಕ್ತ ಕುಟುಂಬ ಪದ್ಧತಿಯನ್ನೇ ತೆಗೆದಿತ್ತು. 1980ರ ದಶಕದಲ್ಲಿ ಆಂಧ್ರ, ತಮಿಳುನಾಡುಗಳು ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿದ್ದವು. ಹೆಣ್ಣನ್ನು ಹೊರಗಿಟ್ಟದ್ದರಿಂದಲೇ ವರದಕ್ಷಿಣೆಯ ಪಿಡುಗು ಹುಟ್ಟಿತೆಂದು ಆಂಧ್ರದ ಕಾಯಿದೆಯ ಪೀಠಿಕೆಯಲ್ಲಿಯೇ ಹೇಳಿತ್ತು. ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಸಂತೋಷಪಟ್ಟೆವು. ಆದರೆ ಅದರಲ್ಲಿಯೂ ಒಂದು ಕೊಕ್ಕೆ. ಆ ದಿನಕ್ಕೆ ಮೊದಲೇ ಮದುವೆಯಾಗಿದ್ದವರಿಗೆ ಅದು ಅನ್ವಯಿಸುವುದಿಲ್ಲ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕನಿಗೆ ಮೇ ತಿಂಗಳಲ್ಲಿ ಮದುವೆಯಾದರೆ ಅವಳಿಗೆ ಹಕ್ಕಿಲ್ಲ, ತಂಗಿಯ ಮದುವೆ ಮುಂದಿನ ವರ್ಷವಾದರೆ ಅವಳಿಗೆ ಹಕ್ಕಿದೆ. ಅಣ್ಣತಮ್ಮಂದಿರ ಮದುವೆ ಯಾವಾಗ ಆಯಿತೆಂದು ಯಾವ ಕಾನೂನೂ ಕೇಳಿಲ್ಲ.

2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಈ ಭೇದ ಹೋಯಿತು. ಮದುವೆಯಾದವಳಾಗಲಿ ಆಗದವಳಾಗಲಿ, ಮಗಳು ಮಗನಂತೆಯೇ ಹುಟ್ಟಿನಿಂದ ದಾಯಾದಿ. ವಾಸದ ಮನೆಯ 23ನೇ ಕಲಮೂ ಹೋಯಿತು. ನಾನು ಹೇಳಿದ ಹನ್ನೆರಡು ಎಕರೆಯಲ್ಲಿ ಈಗ ಮಗನಿಗೆ ಆರು, ಮಗಳಿಗೆ ಆರು. ಆ ದಿನ ತಂದೆ ಬದುಕಿರಬೇಕಿತ್ತೇ ಬೇಡವೇ ಎಂಬ ತಕರಾರು ಹದಿನೈದು ವರ್ಷ ನಡೆಯಿತು. ಅದರಲ್ಲಿ ಎರಡು ದೊಡ್ಡ ಮೊಕದ್ದಮೆಗಳು ನಮ್ಮ ಕರ್ನಾಟಕದಿಂದಲೇ ಹೋದವು. ಬದುಕಿರಲೇಬೇಕೆಂದು 2015ರಲ್ಲಿ ಒಂದು ತೀರ್ಪು ಬಂತು, 2018ರಲ್ಲಿ ಬಂದ ತೀರ್ಪು ಬೇರೆ ರೀತಿಯಾಗಿತ್ತು. ಕೊನೆಗೆ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ 2005ರಲ್ಲಿ ಬದುಕಿರಲೇಬೇಕೆಂದಿಲ್ಲ ಎಂದು ಖಚಿತಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ನೋಂದಾಯಿತ ವಿಭಾಗಗಳನ್ನೂ ವಿಲೇವಾರಿಗಳನ್ನೂ ಮತ್ತೆ ತೆರೆಯುವಂತಿಲ್ಲ. ಅಂದರೆ 1991ರ ನನ್ನ ಸಹಿ ಇವತ್ತಿಗೂ ಸಹಿಯೇ. ಅಮ್ಮ ಅಕ್ಷರ ಕೂಡಿಸಿ ಬರೆದದ್ದೂ ಹಾಗೆಯೇ.

‘ಮದುವೆಗೆ ಅಷ್ಟು ಖರ್ಚು ಮಾಡಿದ್ದೇವಲ್ಲ, ಇನ್ನೇನು ಪಾಲು?’ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಮದುವೆಯ ಖರ್ಚನ್ನೋ ವರದಕ್ಷಿಣೆಯನ್ನೋ ಮಗಳ ಪಾಲಿನಿಂದ ಕಳೆಯಬೇಕೆಂದು ಉತ್ತರಾಧಿಕಾರ ಕಾಯಿದೆ ಎಲ್ಲಿಯೂ ಹೇಳಿಲ್ಲ. ಛತ್ರದ ಬಾಡಿಗೆ, ಊಟ, ಬೀಗರ ಉಡುಗೊರೆ ಇವುಗಳಲ್ಲಿ ಮಗಳ ಕೈಗೆ ಬಂದದ್ದೇನು? ವರದಕ್ಷಿಣೆ ಹೋದದ್ದು ಗಂಡನ ಮನೆಗೆ. ವರದಕ್ಷಿಣೆ ನಿಷೇಧ ಕಾಯಿದೆಯ 6ನೇ ಕಲಮಿನ ಪ್ರಕಾರ ಅದನ್ನು ಬೇರೆ ಯಾರೇ ಪಡೆದಿದ್ದರೂ ಮೂರು ತಿಂಗಳೊಳಗೆ ಆ ಹೆಣ್ಣಿಗೆ ಒಪ್ಪಿಸಬೇಕು. ಹಾಗೆ ಒಪ್ಪಿಸಿದ ಅತ್ತೆ ಮಾವಂದಿರನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ?

ಇನ್ನೊಂದು ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ‘ಪಾಲು ಕೇಳಿದರೆ ಅಣ್ಣತಮ್ಮಂದಿರು ದೂರವಾಗುತ್ತಾರೆ, ಕಷ್ಟಕ್ಕೆ ಯಾರಿದ್ದಾರೆ?’ ಎನ್ನುತ್ತಾರೆ ಹೆಣ್ಣುಮಕ್ಕಳು. ಭಯ ನಿಜವಾದದ್ದು. ತಂದೆತಾಯಿಯನ್ನು ಕೊನೆಗಾಲದವರೆಗೆ ನೋಡಿಕೊಂಡ ಅಣ್ಣನಿಗೆ ಹೆಚ್ಚು ಸಿಗಲಿ ಎಂದು ನೀವು ಮನಸಾರೆ ಬಿಟ್ಟುಕೊಟ್ಟರೆ ಅದು ನಿಮ್ಮ ಇಷ್ಟ. ಕೊಡುವುದೂ ಒಡೆಯಳಾದವಳ ಹಕ್ಕೇ. ನನ್ನ ತಕರಾರು ಏನೆಂದರೆ, ಓದದೆ, ಕೇಳದೆ, ಎಷ್ಟಿದೆಯೆಂದು ತಿಳಿಯದೆ ಸಹಿ ಹಾಕಿದವಳು ಕೊಟ್ಟಹಾಗಾಗುವುದಿಲ್ಲ, ಅವಳಿಂದ ತೆಗೆದುಕೊಂಡಹಾಗಾಗುತ್ತದೆ. ಮತ್ತು ಕಷ್ಟ ಬಂದಾಗ ನೆಂಟಳಾಗಿ ಹೋಗಿ ನಿಲ್ಲುವುದಕ್ಕೂ ಪಾಲುದಾರಳಾಗಿ ಹೋಗಿ ನಿಲ್ಲುವುದಕ್ಕೂ ಅಜಗಜಾಂತರವಿದೆ. ನನ್ನ ವಿದ್ಯಾರ್ಥಿನಿಗೆ ಆ ಮನೆಯಲ್ಲಿ ಒಂದು ಕೋಣೆ ಅವಳದೇ ಎಂದು ಇದ್ದಿದ್ದರೆ ಅವಳನ್ನು ‘ಬಿಟ್ಟು ಬರುವ’ ಮಾತು ಅಷ್ಟು ಸುಲಭವಾಗಿ ಯಾರ ಬಾಯಿಂದಲೂ ಬರುತ್ತಿರಲಿಲ್ಲ.

ಗಂಡನ ಮನೆಯಲ್ಲಿಯೂ ಈಗ ನಿಲ್ಲಲು ಕಾನೂನಿನ ನೆಲವಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 17ನೇ ಕಲಮು ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಣ್ಣಿಗೆ ಕೊಡುತ್ತದೆ. ಮನೆ ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯವಲ್ಲ. ಅತ್ತೆ ಮಾವಂದಿರ ಹೆಸರಿನಲ್ಲಿದ್ದರೂ ಈ ಹಕ್ಕು ಬರಬಹುದೆಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 498-ಎ, 304-ಬಿ ಎಂದು ನಾವು ಕಂಠಪಾಠ ಮಾಡಿದ್ದ ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85, 86 ಮತ್ತು 80 ಆಗಿವೆ. ನಂಬರು ಬದಲಾಗಿದೆ, ಅಪರಾಧ ಬದಲಾಗಿಲ್ಲ.

ಒಂದು ಕಡೆ ಮಾತ್ರ ಕಾನೂನು ಇನ್ನೂ ನಮ್ಮನ್ನು ಗಂಡನ ಮನೆಯವರೆಂದೇ ನೋಡುತ್ತದೆ. ಮಕ್ಕಳಿಲ್ಲದ, ಗಂಡನಿಲ್ಲದ ಹಿಂದೂ ಹೆಣ್ಣು ಉಯಿಲು ಬರೆಯದೆ ತೀರಿಕೊಂಡರೆ ಅವಳು ದುಡಿದು ಗಳಿಸಿದ್ದು ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಇದು 1956ರ ಕಾಯಿದೆಯ 15ನೇ ಕಲಮು. ಮದುವೆಯಾಗಿ ಮೂರೇ ತಿಂಗಳಲ್ಲಿ ವಿಧವೆಯಾಗಿ, ಗಂಡನ ಮನೆಯಿಂದ ಹೊರಹಾಕಿಸಿಕೊಂಡು, ತವರಿನವರು ಓದಿಸಿದ್ದರಿಂದ ಕೆಲಸ ಹಿಡಿದು ಬದುಕಿದ ಒಬ್ಬ ಹೆಣ್ಣುಮಗಳು 1996ರಲ್ಲಿ ತೀರಿಕೊಂಡರು. ಅವರ ಬ್ಯಾಂಕಿನ ಹಣ, ಭವಿಷ್ಯನಿಧಿ ಎಲ್ಲವೂ, ಅವರನ್ನು ನಾಲ್ಕು ದಶಕ ತಿರುಗಿಯೂ ನೋಡದ ಗಂಡನ ಕಡೆಯವರಿಗೇ ಸೇರಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅನುಕಂಪ ಬೇರೆ, ಕಾನೂನು ಬೇರೆ ಎಂಬುದು ಆ ತೀರ್ಪಿನ ಧೋರಣೆ. ಗಂಡು ಸತ್ತಾಗ ಅವನ ಆಸ್ತಿಯನ್ನು ಅವನ ಹೆಂಡತಿಯ ಅಣ್ಣತಮ್ಮಂದಿರಿಗೆ ಯಾವ ಕಲಮೂ ಕೊಡುವುದಿಲ್ಲ. 14ನೇ ವಿಧಿಯ ‘ವ್ಯಕ್ತಿ’ ಇಲ್ಲಿ ಎಲ್ಲಿ ಹೋದಳು ಎಂದು ನಾವು ಕೇಳುತ್ತಲೇ ಇರಬೇಕು.

ಇಷ್ಟು ಹೇಳಿ ಬರಿಗೈಯಲ್ಲಿ ನಿಮ್ಮನ್ನು ಕಳಿಸಬಾರದು. ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳುತ್ತೇನೆ. ಮೊದಲನೆಯದು, ನಿಮ್ಮ ತವರಿನ ಜಮೀನಿನ ಪಹಣಿ, ಮನೆಯ ಖಾತೆ ಯಾರ ಹೆಸರಿನಲ್ಲಿದೆ ಎಂದು ತಿಳಿದುಕೊಳ್ಳಿ. ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷ ಕೊಡುತ್ತಾರೆ. ಆ ವೃಕ್ಷದಲ್ಲಿ ಗಂಡುಮಕ್ಕಳ ಕೊಂಬೆ ಮಾತ್ರ ಬರೆದು ಹೆಣ್ಣುಮಕ್ಕಳನ್ನು ಕಡಿದುಹಾಕುವುದು ನಮ್ಮಲ್ಲಿ ತೀರ ಸಾಮಾನ್ಯ. ನಿಮ್ಮ ಹೆಸರಿದೆಯೇ ನೋಡಿ, ಇಲ್ಲದಿದ್ದರೆ ಲಿಖಿತವಾಗಿ ಆಕ್ಷೇಪಣೆ ಕೊಡಿ. ಎರಡನೆಯದು, ಖುಲಾಸೆ ಪತ್ರಕ್ಕೆ ಸಹಿ ಕೇಳಿದರೆ ಒಂದು ವಾರ ಕಾಲಾವಕಾಶ ಕೇಳಿ, ಕರಡನ್ನು ಮನೆಗೆ ತಂದು ಓದಿ, ತಿಳಿದವರಿಗೆ ತೋರಿಸಿ. ಮೋಸದಿಂದಲೋ ಒತ್ತಡದಿಂದಲೋ ಸಹಿ ಹಾಕಿಸಿಕೊಂಡಿದ್ದರೆ ಅದನ್ನು ರದ್ದುಪಡಿಸಲು ದಾವೆ ಹಾಕಬಹುದು. ಆದರೆ ವಿಷಯ ತಿಳಿದ ಮೂರು ವರ್ಷದೊಳಗೆ ಹಾಕಬೇಕು. ಮೂರನೆಯದು, ಉಯಿಲು ಬರೆಯಿರಿ. ಒಂದು ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳಿರಬೇಕು. ನಿಮ್ಮ ದುಡಿಮೆ ಯಾರಿಗೆ ಸೇರಬೇಕೆಂದು ನೀವೇ ತೀರ್ಮಾನಿಸಿ. ನಾಲ್ಕನೆಯದು, ದೌರ್ಜನ್ಯ ನಡೆಯುತ್ತಿದ್ದರೆ ಕಾಯಬೇಡಿ. 181ಕ್ಕೆ ಫೋನ್ ಮಾಡಬಹುದು, ಸಾಂತ್ವನ ಕೇಂದ್ರಕ್ಕೆ ಹೋಗಬಹುದು, ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಕೊನೆಯದಾಗಿ ಇಲ್ಲಿರುವ ತಾಯಂದಿರಿಗೆ ಒಂದು ಮಾತು. ಮಗಳು ಚೀಲ ಹಿಡಿದು ಬಾಗಿಲಿಗೆ ಬಂದರೆ ಎಷ್ಟು ದಿನ ಇರುತ್ತೀಯೆಂದು ಕೇಳಬೇಡಿ. ಅವಳು ಮದುವೆಯಾಗಿ ಹೋದ ಮೇಲೆಯೂ ಮನೆಯಲ್ಲಿ ಅವಳಿಗೊಂದು ಜಾಗ ಇಡಿ, ಅದನ್ನು ಅವಳಿಗೆ ಬಾಯಿಬಿಟ್ಟು ಹೇಳಿ. ‘ಇನ್ನೊಂದಷ್ಟು ದಿನ ನೋಡಮ್ಮ’ ಎಂದು ನಾನು ಹೇಳಿದ ಹಾಗೆ ಮಾತ್ರ ಹೇಳಬೇಡಿ. ಹೋದ ವರ್ಷ ನನ್ನ ಅಣ್ಣನ ಮಗಳಿಗೆ ಮದುವೆಯಾಯಿತು. ಅದಕ್ಕೆ ಮೊದಲು ನಾನು ಅಣ್ಣನ ಹತ್ತಿರ ಕೂತು ಈ ವಿಚಾರವನ್ನೆಲ್ಲ ಮಾತಾಡಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಒಳಗೆ ಹೋಗಿ ಹಳೆಯ ಕಾಗದಗಳ ಟ್ರಂಕು ತಂದು ಅವಳ ಮುಂದೆಯೇ ತೆರೆದ. ಅದರಲ್ಲಿ ನನ್ನ ಖುಲಾಸೆ ಪತ್ರವೂ ಇತ್ತು. ಹುಡುಗಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ‘ಅತ್ತೆ, ನೀವು ಇದನ್ನ ಓದಿರಲಿಲ್ವಾ?’ ಎಂದು ಕೇಳಿದಳು. ಇಲ್ಲವೆಂದೆ.

ನೀವು ಓದಿ. ನಿಮ್ಮ ಹೆಣ್ಣುಮಕ್ಕಳ ಕೈಲಿ ಓದಿಸಿ.